ಕೆಳಗಿನ ಮನೆಯ ರಸಾಯನಶಾಸ್ತ್ರ

ಮನೆಯಲ್ಲೇ ನನ್ನಂಥ ರಸಾಯನಶಾಸ್ತ್ರದ ಉಪನ್ಯಾಸಕನೊಬ್ಬನನ್ನು ಇಟ್ಟುಕೊಂಡು, ನನ್ನ ಹೆಂಡತಿ ರಸಾಯನಶಾಸ್ತ್ರ ಕಲಿಯಲು ಕೆಳಗಿನ ಮನೆಗೆ ಹೋಗುತ್ತಿದ್ದಳು. ಸಿಹಿತಿಂಡಿ ಅಂಗಡಿಯವನ ಮನೆಯವರು ಎದುರಿನ ಅಂಗಡಿಯಿಂದ ಮೈಸೂರುಪಾಕು ತರಿಸಿಕೊಂಡು ತಿಂದರೆ ಅವನಿಗೆ ಹೇಗಾದೀತೋ ನನಗೂ ಹಾಗೇ ಆಗುತ್ತಿತ್ತು. ಅವನಾದರೂ ತನ್ನದರಲ್ಲಿ ತುಪ್ಪ ಸ್ವಲ್ಪ ಕಡಿಮೆ ಎಂದು ಒಳಗೊಳಗೇ ಒಪ್ಪಿಕೊಂಡಾನು. ನಾನು ಅಷ್ಟನ್ನೂ ಒಪ್ಪುವವನಲ್ಲ.

ವನಜಾ ಓದಿದ್ದು ಬಿ.ಕಾಂ. ಆರ್.ಟಿ. ನಗರದ ನಮ್ಮ ಬೀದಿಯ ಮಕ್ಕಳಿಗೆ ಕೆಲವು ವರ್ಷಗಳಿಂದ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತಾಳೆ. ಈ ವರ್ಷ ಅವರಲ್ಲಿ ಮೂವರು ಹತ್ತನೆಯ ತರಗತಿಗೆ ಬಂದರು. ಗಣಿತದ ಜೊತೆಗೆ ವಿಜ್ಞಾನವನ್ನೂ ನೀವೇ ನೋಡಿಕೊಳ್ಳಿ ಎಂದು ಅವರ ತಾಯಂದಿರು ಕೇಳಿಕೊಂಡರು. ಮಕ್ಕಳಿಗೆ ಇವಳ ಮಾತೆಂದರೆ ಅಷ್ಟು ಹಿತ. ಬೆಳಕು, ವಿದ್ಯುತ್ತು, ಜೀರ್ಣಾಂಗ ಇವನ್ನೆಲ್ಲ ಅವಳೇ ಪುಸ್ತಕ ಹಿಡಿದು ಓದಿ ದಾಟಿದಳು. ಕಾರ್ಬನ್ನಿನ ಪಾಠಕ್ಕೆ ಬಂದಾಗ ಗಾಡಿ ನಿಂತಿತು. ಆ ಪಾಠದ ಹೊಸ್ತಿಲಲ್ಲೇ ಸಹವೇಲೆನ್ಸೀಯ ಬಂಧ ಕೂತಿರುತ್ತದೆ. ಎರಡು ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಒಂದಕ್ಕೊಂದು ಪೂರ್ತಿ ಕೊಟ್ಟುಬಿಡದೆ, ಜಂಟಿ ಖಾತೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅದು. ಎಲೆಕ್ಟ್ರಾನಿಗೆ ಒಂದು ಚುಕ್ಕಿ, ಹಂಚಿಕೊಂಡ ಜೋಡಿಗೆ ಒಂದು ಗೆರೆ. ಹೈಡ್ರೋಜನ್ನಿಗೆ ಎರಡು ಚುಕ್ಕಿಯಾದರೆ ತೃಪ್ತಿ, ಮಿಕ್ಕವಕ್ಕೆ ಸಾಮಾನ್ಯವಾಗಿ ಸುತ್ತ ಎಂಟು ಬೇಕು. ಇಷ್ಟೇ ವಿಷಯ.

ಇಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಅವಳು ಮೊದಲು ನನ್ನ ಬಳಿಯೇ ಬಂದಿದ್ದಳು. ಒಂದು ಭಾನುವಾರ ಊಟವಾದ ಮೇಲೆ ಪುಸ್ತಕ ಹಿಡಿದು ಎದುರಿಗೆ ಕೂತು, ಇದನ್ನೊಂದು ಹೇಳಿಕೊಡಿ ಎಂದಳು. ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಬಂಧ ಅರ್ಥವಾಗಬೇಕಾದರೆ ಆರ್ಬಿಟಲ್ ಅರ್ಥವಾಗಬೇಕು, ಆರ್ಬಿಟಲ್ ಅರ್ಥವಾಗಬೇಕಾದರೆ ಕ್ವಾಂಟಂ ಸಂಖ್ಯೆಗಳು ಅರ್ಥವಾಗಬೇಕು ಎಂದು ನಾನು ಅಲ್ಲಿಂದ ಎತ್ತಿಕೊಂಡೆ. ಮೇಖ್ರಿ ಸರ್ಕಲ್ಲಿಗೆ ದಾರಿ ಕೇಳಿದವರಿಗೆ ಭೂಮಿ ಹುಟ್ಟಿದ ಕಥೆ ಹೇಳುವ ಪೈಕಿ ನಾನು. ಅರ್ಧ ಗಂಟೆಯ ಮೇಲೆ ಅವಳಿಗೆ ಒಲೆಯ ಮೇಲಿಟ್ಟ ಕುಕ್ಕರಿನ ನೆನಪಾಗಿ ಎದ್ದುಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದೆ. ಕುಕ್ಕರು ಸ್ಟ್ಯಾಂಡಿನಲ್ಲಿ ಬೋರಲು ಬಿದ್ದಿತ್ತು. ಅವಳು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು.

ಅದಾದ ಕೆಲವೇ ದಿನಕ್ಕೆ ಅವಳು ಕೆಳಗಿನ ಮನೆಯ ಫರೀದಾ ಟೀಚರಿಗೆ ಯಾವುದೋ ಡಬ್ಬಿ ವಾಪಸು ಕೊಡಲು ಹೋದಳು. ಟೀಚರು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯೊಳಗೆ ಉರ್ದು, ಗೇಟಿನ ಬಳಿ ಕನ್ನಡ, ತರಕಾರಿ ಗಾಡಿಯವನೊಡನೆ ತಮಿಳು. ಮೂರರಲ್ಲೂ ಒಂದೇ ಗಂಟಲು, ಕೊನೆಯ ಬೆಂಚಿಗೆ ಕೇಳಿಸುವಂಥದ್ದು. ಡಬ್ಬಿ ಕೊಡಲು ಹೋದವಳು ಒಂದು ಗಂಟೆ ಬಿಟ್ಟು ಮೇಲೆ ಬಂದಳು. ಮಾರನೆಯ ಸಂಜೆ ಡಬ್ಬಿಯ ನೆಪವೂ ಇಲ್ಲದೆ ಹೋದಳು.

ನನ್ನ ಕಾಲೇಜು ಯಲಹಂಕದ ಕಡೆ. ಸಂಜೆ ನಾನು ಮನೆ ಸೇರುವ ಹೊತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ಇರುತ್ತಿತ್ತು, ವನಜಾ ಇರುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಪಕ್ಕದಲ್ಲಿ ಗಾಳಿಬೆಳಕಿಗೆಂದು ಕೆಳಗಿನಿಂದ ಮೇಲಿನವರೆಗೆ ಬಿಟ್ಟ ಒಂದು ಕಿಂಡಿಯಿದೆ. ಅದರಿಂದ ಗಾಳಿಯೂ ಬರುವುದಿಲ್ಲ, ಬೆಳಕೂ ಬರುವುದಿಲ್ಲ. ಕೆಳಗಿನ ಮನೆಯ ಒಗ್ಗರಣೆ ವಾಸನೆ ಬರುತ್ತದೆ, ಮಾತು ಬರುತ್ತದೆ. ಒಂದು ಸಂಜೆ ನಾನು ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಅದರಿಂದ ನಗು ಬಂತು. ಟೀಚರ ನಗು ದೊಡ್ಡದು, ಅದರ ಹಿಂದೆಯೇ ವನಜಾಳ ನಗು. ಉಸಿರು ಸಿಕ್ಕಿಹಾಕಿಕೊಂಡು, ಸಾಕು ಸಾಕು ಎನ್ನುವ ನಗು ಅದು. ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತೆ. ಇಷ್ಟು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಒಬ್ಬನೇ ಒಬ್ಬ ವಿದ್ಯಾರ್ಥಿ ನಕ್ಕಿಲ್ಲ. ನಗುವಂಥದ್ದು ಅದರಲ್ಲಿ ಏನಿದೆ?

ಏನಿತ್ತೆಂದು ರಾತ್ರಿ ಊಟಕ್ಕೆ ಕೂತಾಗ ತಿಳಿಯಿತು. ಸಂಯುಕ್ತಗಳಿಗೆ ಹೆಸರಿಡುವಾಗ ಎಷ್ಟು ಪರಮಾಣು ಎಂದು ಎಣಿಸಿ ಮೋನೋ, ಡೈ, ಟ್ರೈ ಎಂದು ಸೇರಿಸುತ್ತೇವಷ್ಟೆ. ಆದರೆ ಹೆಸರಿನಲ್ಲಿ ಮೊದಲು ಬರುವ ಧಾತು ಒಂದೇ ಇದ್ದರೆ ಅದಕ್ಕೆ ಮೋನೋ ಎನ್ನುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಎನ್ನುತ್ತೇವೆ, ಮೋನೋಕಾರ್ಬನ್ ಎನ್ನುವುದಿಲ್ಲ. ಯಾಕೆ ಗೊತ್ತೇ ಎಂದು ವನಜಾ ನನ್ನನ್ನು ಕೇಳಿದಳು. ನಾನು ಅಂತರರಾಷ್ಟ್ರೀಯ ನಿಯಮಾವಳಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಮನೆ ಯಜಮಾನ್ರು ಒಬ್ರೇ ಇದ್ರೆ ಲೆಕ್ಕಕ್ಕೆ ಇಲ್ವಂತೆ ರೀ. ಟೀಚರ್ ಹೇಳಿದ್ರು."

ಹೇಳುತ್ತಲೇ ಮತ್ತೆ ನಕ್ಕಳು. ನಾನು ಹುಳಿ ಬಡಿಸಿಕೊಂಡೆ.

ಅಲ್ಲಿಂದಾಚೆಗೆ ‘ಟೀಚರ್ ಹೇಳಿದ್ರು’ ನಮ್ಮ ಮನೆಯ ಉಪ್ಪಿನಕಾಯಿಯಾಯಿತು, ಪ್ರತಿ ಊಟಕ್ಕೂ ತಟ್ಟೆಯ ಮೂಲೆಯಲ್ಲಿ ಒಂದು ಹೋಳು. ಆಮ್ಲಜನಕ ಎನ್ನುವ ಹೆಸರೇ ತಪ್ಪಂತೆ, ಎಲ್ಲ ಆಮ್ಲಗಳಿಗೂ ಅದೇ ತಾಯಿಯೆಂದು ಹಿಂದಿನವರು ತಪ್ಪು ತಿಳಿದು ಇಟ್ಟ ಹೆಸರಂತೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವಂತೆ, ಟೀಚರ್ ಹೇಳಿದ್ರು. ಅಯ್ಯಾ, ಇದನ್ನು ನಾನು ಪ್ರತಿವರ್ಷ ಮೊದಲ ವಾರದಲ್ಲೇ ತರಗತಿಯಲ್ಲಿ ಹೇಳುತ್ತೇನೆ. ಆದರೆ ಎಂದೂ ಮನೆಯಲ್ಲಿ ಹೇಳಿರಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿದ್ದ ಒಡವೆಯನ್ನು ಇನ್ನೊಬ್ಬರು ಹಾಕಿಕೊಂಡು ಬಂದು ತೋರಿಸಿ, ಚೆನ್ನಾಗಿದೆಯೇ ಎಂದು ನಮ್ಮನ್ನೇ ಕೇಳಿದಂತಾಗಿತ್ತು.

ಹೊಟ್ಟೆಕಿಚ್ಚು ಹದವಾಗಿ ಬೇಯಲು ಒಲೆ ಬೇಕು, ಪುರಸೊತ್ತು ಬೇಕು. ಎರಡನ್ನೂ ಹೆಬ್ಬಾಳದ ಫ್ಲೈಓವರು ನನಗೆ ದಿನಾಲೂ ಒದಗಿಸಿಕೊಟ್ಟಿತು. ಬಸ್ಸು ಅಲ್ಲಿ ನಿಂತರೆ ನಿಂತಿತು. ಕೆರೆಯಲ್ಲಿ ಒಂದು ಬಿಳಿ ಹಕ್ಕಿ ಒಂಟಿಕಾಲಿನಲ್ಲಿ ನಿಂತಿರುತ್ತದೆ, ನಾವು ಮೇಲೆ ಕಂಬಿ ಹಿಡಿದು ನಿಂತಿರುತ್ತೇವೆ. ಹಾಗೆ ನಿಂತು ನಾನು ಆಲೋಚಿಸುತ್ತಿದ್ದೆ. ನಮ್ಮ ಹಳೆಯ ಪಂಡಿತರು ಮತ್ಸರ ಬೇರೆ, ಅಸೂಯೆ ಬೇರೆ ಎನ್ನುತ್ತಿದ್ದರು. ಇನ್ನೊಬ್ಬರ ಏಳಿಗೆಯನ್ನು ಸಹಿಸಲಾಗದಿದ್ದರೆ ಅದು ಮತ್ಸರ. ಇನ್ನೊಬ್ಬರ ಗುಣದಲ್ಲೇ ದೋಷ ಹುಡುಕಲು ಹೊರಟರೆ ಅದು ಅಸೂಯೆ. ಕನ್ನಡಕ್ಕೆ ಅಷ್ಟು ವ್ಯವಧಾನವಿಲ್ಲ. ಎಲ್ಲಿ ಉರಿಯುತ್ತದೆ, ಏನು ಉರಿಯುತ್ತದೆ ಎರಡನ್ನೂ ಸೇರಿಸಿ ಹೊಟ್ಟೆಕಿಚ್ಚು ಎಂದುಬಿಟ್ಟಿತು. ಸಂಯುಕ್ತಗಳಿಗೆ ಹೆಸರಿಡುವ ಸಮಿತಿಯಲ್ಲಿ ಕನ್ನಡದ ಅಜ್ಜಿಯೊಬ್ಬಳು ಇರಬೇಕಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಹೆಬ್ಬಾಳ ದಾಟುವವರೆಗೆ ಮತ್ಸರವಾಗಿದ್ದದ್ದು ಗಂಗಾನಗರದ ಹೊತ್ತಿಗೆ ಅಸೂಯೆಯಾಗಿರುತ್ತಿತ್ತು. ಟೀಚರು ಎಲ್ಲಿ ತಪ್ಪುತ್ತಾರೆ ಎಂದು ನಾನು ಕಾಯತೊಡಗಿದೆ.

ತಪ್ಪು ಸಿಗುವ ಬದಲು ನನಗೆ ಇನ್ನೊಂದು ಪೆಟ್ಟು ಬಿತ್ತು. ಒಂದು ಬೆಳಗ್ಗೆ ಕಾಲೇಜಿಗೆ ಹೊರಟು, ಬಾಗಿಲ ಮುಂದಿನ ರಂಗೋಲಿ ತುಳಿಯದಂತೆ ಕಾಲು ಎತ್ತಿ ದಾಟುತ್ತಿದ್ದೆ. ವನಜಾ ಇನ್ನೂ ಕೈಯಲ್ಲಿ ರಂಗೋಲಿ ಪುಡಿ ಹಿಡಿದು ಅಲ್ಲೇ ಕೂತಿದ್ದಳು. ಮೊದಲ ದಿನವೇ ಟೀಚರು ಅವಳಿಗೆ, ದಿನಾ ಬಾಗಿಲಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುವವರಿಗೆ ಇದೇನು ಕಷ್ಟ, ಮೀಥೇನೂ ಒಂದು ಚುಕ್ಕಿ ರಂಗೋಲಿ ಅಂದ್ಕೊಳ್ಳಿ ಎಂದಿದ್ದರಂತೆ. ಅದನ್ನು ಹೇಳಿ, ನೆಲದ ಮೇಲೆ ನಡುವೆ ಕಾರ್ಬನ್ನು, ನಾಲ್ಕು ಕಡೆ ಹೈಡ್ರೋಜನ್ನು ಇಟ್ಟು ತೋರಿಸಿದಳು. ಚುಕ್ಕಿಗಳು ಅಚ್ಚು ಹಾಕಿದಂತಿದ್ದವು.

ನಾನು ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಇಷ್ಟು ವರ್ಷ ಪ್ರತಿ ಬೆಳಗ್ಗೆ ಆ ಚುಕ್ಕಿಗಳನ್ನು ದಾಟಿಕೊಂಡೇ ಹೋಗಿ, ಯಲಹಂಕದಲ್ಲಿ ಕರಿಹಲಗೆಯ ಮೇಲೆ ಚುಕ್ಕಿ ಇಟ್ಟಿದ್ದೇನೆ. ಎರಡೂ ಒಂದೇ ಎಂದು ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ರಂಗೋಲಿಯೇ ಹಾಕದ ಫರೀದಾ ಟೀಚರಿಗೆ ಬಿತ್ತು. ಈ ಹೊಟ್ಟೆಯುರಿಗೆ ಯಾವ ಜೆಲ್ಯುಸಿಲ್ಲೂ ಇಲ್ಲ.

ಕೊನೆಗೂ ತಪ್ಪು ಸಿಕ್ಕಿತು. ವನಜಾ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಅಣುಗಳ ಚಿತ್ರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ ಹಾಲು ತೆಗೆಯಲು ಹೋದವನಿಗೆ ಅಮೋನಿಯಾ ಕಂಡಿತು. ನಡುವೆ ನೈಟ್ರೋಜನ್, ಮೂರು ಹೈಡ್ರೋಜನ್, ಮೂರು ಜೋಡಿ ಚುಕ್ಕಿ. ಅಷ್ಟೇ. ನೈಟ್ರೋಜನ್ನಿನ ನೆತ್ತಿಯ ಮೇಲೆ ಇನ್ನೊಂದು ಜೋಡಿ ಇರಬೇಕು. ಅದು ಯಾರೊಡನೆಯೂ ಹಂಚಿಕೊಳ್ಳದ ಜೋಡಿ. ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಒಂಟಿ ಜೋಡಿ ಎನ್ನುತ್ತಾರೆ. ಒಂಟಿ ಎಂದ ಮೇಲೆ ಜೋಡಿ ಹೇಗೆ, ಜೋಡಿ ಎಂದ ಮೇಲೆ ಒಂಟಿ ಹೇಗೆ ಎಂದು ಹುಡುಗರು ಕೇಳುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷವಾಗಲಿ, ತಿಳಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ಉತ್ತರ ಕೊಡುತ್ತೇನೆ. ಆ ಜೋಡಿ ಅಲ್ಲಿ ಇರಲಿಲ್ಲ. ನೈಟ್ರೋಜನ್ನಿಗೆ ಆರೇ ಚುಕ್ಕಿ.

ಹಾಲು ಮರೆತೆ. ಹಾಳೆ ಕಿತ್ತೆ. ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ಸುತ್ತು ಹಾಕಿದೆ. ವನಜಾ ಆಗಲೇ ಕೆಳಗಿದ್ದಳು. ಮೆಟ್ಟಿಲಿಳಿಯುವಾಗ ನನ್ನ ಮಂಡಿ ಕೂಡ ನೋಯಲಿಲ್ಲ.

ಟೀಚರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ತರಲೇ ಎಂದರು. ನಾನು ಚಹಾಕ್ಕೆ ಬಂದವನಲ್ಲ ಎಂಬಂತೆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ರಂಗೋಲಿ ಹೋಲಿಕೆ ಚೆನ್ನಾಗಿದೆ, ಆದರೆ ಇಂಥ ಹೋಲಿಕೆಗಳಿಂದ ಮೂಲಭೂತ ಪರಿಕಲ್ಪನೆಗೇ ಪೆಟ್ಟು ಬೀಳುತ್ತದೆ, ನಾಳೆ ಮಕ್ಕಳೂ ಇದನ್ನೇ ಕಲಿಯುತ್ತಾರೆ ಎಂದು ಸಣ್ಣ ಉಪನ್ಯಾಸವನ್ನೇ ಮಾಡಿದೆ. ಟೀಚರು ಕನ್ನಡಕ ಏರಿಸಿಕೊಂಡು ಹಾಳೆ ನೋಡಿದರು.

"ನಂಗೆ ಮೊನ್ನೇನೇ ಕಂಡಿತ್ತು ಸಾರ್," ಎಂದರು. "ವನಜಾನೇ ಎಣಿಸ್ಕೊಂಡು ಕಂಡ್ಕೊಳ್ಲಿ ಅಂತ ಸುಮ್ನಿದ್ದೆ. ಇವತ್ತು ಎಣ್ಸೋದಿತ್ತು."

ನಾನು ವನಜಾಳ ಮುಖ ನೋಡಿದೆ. ಅವಳು ಕೆಂಪು ಸುತ್ತನ್ನು ನೋಡುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಉತ್ತರಪತ್ರಿಕೆ ವಾಪಸು ಪಡೆಯುವ ಹುಡುಗಿಯರ ಮುಖದಲ್ಲಿ ನಾನು ಆ ನೋಟವನ್ನು ಕಂಡಿದ್ದೇನೆ. ಅವರು ಅಳುವುದಿಲ್ಲ, ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ವನಜಾಳೂ ಮಡಚಿದಳು. ಅಡುಗೆಗೆ ಹೊತ್ತಾಯಿತು ಟೀಚರ್ ಎಂದು ಎದ್ದಳು.

ಮರುದಿನ ಸಂಜೆ ನಾನು ಬಂದಾಗ ವನಜಾ ಮನೆಯಲ್ಲಿದ್ದಳು. ಕಾಫಿ ಫ್ಲಾಸ್ಕಿನಲ್ಲಿರಲಿಲ್ಲ, ಬಿಸಿಯಾಗಿ ಕೈಗೇ ಬಂತು. ಅದರ ಮರುದಿನವೂ ಹಾಗೇ. ಫ್ರಿಜ್ಜಿನ ಬಾಗಿಲು ಬೋಳಾಯಿತು. ಊಟದಲ್ಲಿ ‘ಟೀಚರ್ ಹೇಳಿದ್ರು’ ಹೋಗಿ, ಉಪ್ಪಿನಕಾಯಿ ಬರೀ ಉಪ್ಪಿನಕಾಯಿಯಾಗಿ ಉಳಿಯಿತು. ನಾನು ಬಯಸಿದ್ದೆಲ್ಲ ಕೈಗೂಡಿತ್ತು. ಕಿಂಡಿಯಿಂದ ನಗು ಬರಲಿಲ್ಲ. ಈಗ ನನ್ನನ್ನೇ ಕೇಳುತ್ತಾಳೆ ಎಂದು ಕಾದೆ. ನಾನು ಪತ್ರಿಕೆ ಓದುವ ನೆಪದಲ್ಲಿ ಅವಳ ಹತ್ತಿರ ಕೂತೆ, ಕಾರ್ಬನ್ನಿನ ವಿಷಯ ಎತ್ತಿದೆ, ಅವಳು ಹೂಂ ಎಂದಳು. ಎರಡು ದಿನ ಬಿಟ್ಟು ಮತ್ತೆ ಎತ್ತಿದೆ, ಹೂಂ ಎಂದಳು. ಹೊಟ್ಟೆಕಿಚ್ಚಿಗೆ ಎದುರಾಳಿ ಇರಬೇಕು. ಎದುರಾಳಿಯೇ ಸೋತು ಕೂತರೆ ಅದು ಹೊಟ್ಟೆಯಲ್ಲೇ ತಣ್ಣಗಾಗಿ ಕಲ್ಲಾಗುತ್ತದೆ. ಗೆದ್ದವನ ಅಜೀರ್ಣ ಅದು.

ಒಂದು ಸಂಜೆ ಗೇಟಿನ ಬಳಿ, ಹತ್ತನೆಯ ತರಗತಿಯ ಆ ಮೂವರಲ್ಲಿ ಲಿಖಿತಾ ಎಂಬ ಹುಡುಗಿಯ ತಾಯಿಗೆ ವನಜಾ ಏನೋ ಹೇಳುತ್ತಿದ್ದಳು. ನಾನು ಹಿಂದಿನಿಂದ ಬರುತ್ತಿದ್ದೆ, ಅವಳಿಗೆ ಕಾಣಲಿಲ್ಲ. "ಗಣಿತ ಒಂದು ಹೇಳ್ಕೊಡ್ತೀನಿ ಕಣ್ರೀ. ಸೈನ್ಸಿಗೆ ಬೇರೆ ಕಡೆ ನೋಡ್ಕೊಳ್ಳಿ. ನಂಗೆ ಅಷ್ಟೊಂದು ತಲೆ ಓಡಲ್ಲ," ಎನ್ನುತ್ತಿದ್ದಳು. ಸಹಜವಾಗಿಯೇ ಹೇಳುತ್ತಿದ್ದಳು, ನಗುತ್ತಲೇ. ನಾನು ಗೇಟು ದಾಟಿ ನಮ್ಮ ಮನೆಗೆ ಹೋಗಲಾರದೆ ನೇರ ಫರೀದಾ ಟೀಚರ ಬಾಗಿಲಿಗೆ ಹೋದೆ.

ಅವರು ಮೊರದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ವನಜಾಳನ್ನು ನೀವು ಒಂದು ಸಲ ಕರೆಯಬೇಕು, ನೀವು ಕರೆದರೆ ಬರುತ್ತಾಳೆ ಎಂದು ಕೇಳಿಕೊಂಡೆ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಕರೆದ್ರೆ ಬರ್ತಾರೆ ಸಾರ್. ಆದ್ರೆ ನಾನು ಕರೆದೆ ಅಂತ ಬಂದ್ರೆ ನೀವು ನನ್ ಮೇಲೆ ಇನ್ನೂ ಉರ್ಕೋತೀರ. ನೀವೇ ಕೇಳಿ."

ಹಾಗಾದರೆ ಇವರಿಗೆ ಗೊತ್ತಿತ್ತು. ಬಹುಶಃ ಕಿಂಡಿಯಲ್ಲಿ ಮೇಲಿನ ಸದ್ದು ಕೆಳಗೂ ಇಳಿಯುತ್ತದೆ. ಇಷ್ಟು ದಿನ ನಾನು ಲೋಟ ಕುಕ್ಕಿದ್ದು, ಪಾತ್ರೆ ಬಡಿದದ್ದು ಎಲ್ಲವೂ. ನಾನು ತಲೆ ತಗ್ಗಿಸಿ ಹೊರಟೆ. ಹಿಂದಿನಿಂದ ಅವರು, ಕೇಳುವಾಗ ಉತ್ತರ ನೀವೇ ಹೇಳಿಬಿಡಬೇಡಿ ಎಂದರು. ಬೇಸರದಿಂದ ಹೇಳಿದ್ದಲ್ಲ. ಒಬ್ಬ ಮೇಷ್ಟರು ಇನ್ನೊಬ್ಬ ಮೇಷ್ಟರಿಗೆ ಹೇಳಿದಂತಿತ್ತು.

ವನಜಾ ಮಡಚಿದ ಬಟ್ಟೆ ಜೋಡಿಸುತ್ತಿದ್ದಳು. ನಾನು ಮಂಚದ ಅಂಚಿನಲ್ಲಿ ಕೂತು, ಆ ಅಮೋನಿಯಾದಲ್ಲಿ ಎರಡು ಚುಕ್ಕಿ ಯಾಕೆ ಬಿಟ್ಟಿದ್ದೆ ಎಂದು ಕೇಳಿದೆ. ಅವಳು ತಟ್ಟನೆ ನನ್ನ ಮುಖ ನೋಡಿದಳು, ಮತ್ತೆ ಕೆಂಪು ಪೆನ್ನು ಬಂತೇನೋ ಎಂದು. ಇಲ್ಲ, ನಿಜವಾಗಿ ಕೇಳುತ್ತಿದ್ದೇನೆ ಎಂದೆ. ನಾನು ಸಾವಿರಾರು ಉತ್ತರಪತ್ರಿಕೆ ತಿದ್ದಿದ್ದೇನೆ. ಯಾಕೆ ಹೀಗೆ ಬರೆದೆ ಎಂದು ಯಾರನ್ನೂ ಕೇಳಿದ ನೆನಪಿಲ್ಲ.

ಅವಳು ಒಂದು ಟವೆಲ್ ಕೈಗೆತ್ತಿಕೊಂಡಳು. "ರಂಗೋಲೀಲಿ ಒಂದು ಚುಕ್ಕಿನೂ ಸೇರದೆ ಉಳೀಬಾರ್ದು ರೀ. ಉಳಿದ್ರೆ ಒರೆಸ್ಬಿಡು ಅಂತಿದ್ರು ನಮ್ಮಜ್ಜಿ. ಅದಕ್ಕೇ ಒರೆಸ್ದೆ," ಎಂದಳು. ಆಮೇಲೆ ಕೈಯಲ್ಲಿದ್ದ ಟವೆಲ್ಲನ್ನು ಹಾಗೇ ಹಿಡಿದುಕೊಂಡು ಕೇಳಿದಳು. "ಯಾರ್ ಜೊತೆಗೂ ಸೇರ್ದೆ ಅವೆರಡು ಅಲ್ಲಿ ಏನ್ ಮಾಡ್ತಾವೆ?"

ಇದಕ್ಕೆ ನನ್ನಲ್ಲಿ ಒಂದು ಪೂರ್ತಿ ಪೀರಿಯಡ್ಡಿನಷ್ಟು ಉತ್ತರವಿತ್ತು. ಅದು ಗಂಟಲವರೆಗೂ ಬಂತು. ಬಸುರಿಗೆ ವಾಂತಿ ತಡೆಯುವುದು ಹೇಗೋ ನನಗೆ ಗೊತ್ತಿಲ್ಲ. ಮೇಷ್ಟರಿಗೆ ಉತ್ತರ ತಡೆಯುವುದು ಅದಕ್ಕಿಂತ ಸುಲಭವಿರಲಾರದು. ನಿನಗೇನನ್ನಿಸುತ್ತೆ ಎಂದಷ್ಟೇ ಕೇಳಿದೆ. ಗೊತ್ತಿಲ್ಲ, ಯೋಚನೆ ಮಾಡ್ತೀನಿ ಎಂದಳು. ಮಾರನೆಯ ಸಂಜೆ ಕಾಫಿ ಮತ್ತೆ ಫ್ಲಾಸ್ಕಿನಲ್ಲಿತ್ತು. ಕಿಂಡಿಯಿಂದ ಮೊದಲು ಮಾತು, ಆಮೇಲೆ ವಾದ, ಆಮೇಲೆ ನಗು ಬಂತು. ನನ್ನ ಹೊಟ್ಟೆ ಮೊದಲಿನಂತೆಯೇ ಉರಿಯಿತು. ಜ್ವರ ಬಿಟ್ಟವನಿಗೆ ಹಸಿವಾದಂತೆ ಅದು ಹಿತವಾಗಿತ್ತು.

ಬೇರೆ ಕಡೆ ನೋಡಿಕೊಳ್ಳಿ ಎಂದಿದ್ದ ಮಾತನ್ನು ವನಜಾ ವಾಪಸು ತೆಗೆದುಕೊಂಡಿದ್ದಳು; ಶನಿವಾರ ಮಕ್ಕಳಿಗೆ ವಿಜ್ಞಾನದ ಪಾಠವೆಂದು ಗೊತ್ತಾಯಿತು. ನಾನೂ ಕೂರಬಹುದೇ ಎಂದು ಕೇಳಿದೆ. ವನಜಾ ಯೋಚಿಸಿ ಒಪ್ಪಿದಳು. "ಹಿಂದೆ ಕೂತ್ಕೋಬೇಕು. ಕೈ ಎತ್ತಬಾರ್ದು."

ಹಾಲಿನ ದಿವಾನಕ್ಕೆ ಬಿಳಿಹಲಗೆ ಒರಗಿಸಿ ಅವಳು ಅಮೋನಿಯಾ ಬರೆದಳು. ಫರೀದಾ ಟೀಚರು ಹೇಳಿದಂತೆ ಹೇಳುತ್ತಾಳೇನೋ ಎಂದು ನಾನು ಕಿವಿ ಚುರುಕು ಮಾಡಿದೆ. ಹಾಗೆ ಹೇಳಲಿಲ್ಲ. ನನ್ನಂತೆ ಎಂದಂತೂ ಯಾರೂ ಅನುಮಾನಿಸುವಂತಿರಲಿಲ್ಲ. ನೈಟ್ರೋಜನ್ನಿನ ನೆತ್ತಿಯ ಮೇಲೆ ಎರಡು ಚುಕ್ಕಿ ಇಟ್ಟು, ಮಾರ್ಕರಿನ ತುದಿಯಿಂದ ಅವನ್ನು ಮುಟ್ಟಿ ತೋರಿಸಿದಳು.

"ಇವೆರಡು ಯಾರಿಗೂ ಸೇರಿಲ್ಲ ಅಂತ ಒರೆಸ್ಬೇಡಿ. ಸುಮ್ನೆ ಕೂತಿರೋ ಹಂಗೆ ಕಾಣ್ಸುತ್ತೆ. ಆದ್ರೆ ಇವು ಮೇಲೆ ಜಾಗ ಹಿಡ್ಕೊಂಡು ಕೂತಿರೋದಕ್ಕೇ ಕೆಳಗಿನ ಮೂರೂ ಬಾಗಿರೋದು."

ಅಣುವಿನ ಆಕಾರದ ಬಗ್ಗೆ ನಾನು ಎರಡು ಪೀರಿಯಡ್ ತೆಗೆದುಕೊಳ್ಳುತ್ತೇನೆ. ಈಗ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ನೋಡಿಕೊಂಡರೆ ಕೆಳಗಿನ ಮನೆಯವರ ಮೇಲಲ್ಲ. ಎದುರಿಗೆ ಹಲಗೆಯ ಪಕ್ಕ ನಿಂತಿದ್ದವಳ ಮೇಲೆ. ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡಬೇಕಾದರೆ ಅವರನ್ನು ಕಣ್ಣಿಟ್ಟು ನೋಡಬೇಕಾಗುತ್ತದೆ. ಹಾಗೆ ನಾನು ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಆಕ್ಸಿಜನ್ ಅಣುವಿನಲ್ಲಿ ಎರಡು ಗೆರೆ, ನೈಟ್ರೋಜನ್ ಅಣುವಿನಲ್ಲಿ ಮೂರು ಗೆರೆ ಎಂದು ಬರೆಸಿದ ಮೇಲೆ ಲಿಖಿತಾ ಒಂದು ಪ್ರಶ್ನೆ ಕೇಳಿದಳು. ಕಾರ್ಬನ್ನಿಗೆ ನಾಲ್ಕು ಕೈ ಇದ್ದರೆ, ಎರಡು ಕಾರ್ಬನ್ನು ನಾಲ್ಕೂ ಕೈ ಹಿಡಿದುಕೊಂಡು ತಮ್ಮಷ್ಟಕ್ಕೆ ತಾವು ಯಾಕೆ ಇರುವುದಿಲ್ಲ? ನಾನು ನೆಟ್ಟಗೆ ಕೂತೆ. ಇದು ನನ್ನದೇ ಪ್ರಶ್ನೆ. ನಾಲ್ಕು ಕೈಗಳೂ ಒಂದೇ ದಿಕ್ಕಿಗೆ ತಿರುಗಲಾರವು ಎಂಬಲ್ಲಿಂದ ಶುರುಮಾಡಿ ನಾನು ಇದನ್ನು ಎಲ್ಲಿಯವರೆಗೆ ಬೇಕಾದರೂ ಒಯ್ಯಬಲ್ಲೆ. ವನಜಾ ಹಲಗೆಯನ್ನು ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ಗೊತ್ತಿಲ್ಲ ಪುಟ್ಟಾ," ಎಂದಳು. "ಒಳ್ಳೇ ಪ್ರಶ್ನೆ. ಸೋಮವಾರಕ್ಕೆ ಎಲ್ರೂ ಯೋಚ್ನೆ ಮಾಡ್ಕೊಂಡ್ ಬರೋಣ."

ಮಕ್ಕಳು ಮೂವರೂ ತಲೆ ಬಗ್ಗಿಸಿ ಆ ಪ್ರಶ್ನೆಯನ್ನು ಬರೆದುಕೊಂಡರು. ನನ್ನ ಯಾವ ಉತ್ತರವನ್ನೂ ಯಾರೂ ಅಷ್ಟು ಆಸೆಯಿಂದ ಬರೆದುಕೊಂಡದ್ದನ್ನು ನಾನು ಕಂಡಿಲ್ಲ. ಗೊತ್ತಿಲ್ಲ ಎನ್ನುವ ಆ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಅದು ಇಷ್ಟು ಬೆಲೆಬಾಳುವಂಥದ್ದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಎಂದಾಗ ವನಜಾಳ ಕಣ್ಣು ಹಿಂದಿನ ಸಾಲಿಗೂ ಬಂದು ಹೋಯಿತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಗೊತ್ತಿಲ್ಲದವರ ಜೊತೆ ಕೂತೆ.